ಸ್ಪ್ಯಾನರ್ ಹಾಗೂ ಸರ್ವೆ ನಂಬರ್

ತಿಂಗಳ ಎರಡನೇ ಭಾನುವಾರ ನಮ್ಮ ಮೂವರ ‘ಸರ್ವಿಸ್ ದಿನ’. ನಾನು ಅಹಮದಾಬಾದ್‌ನಿಂದ ಹೋಗುತ್ತೇನೆ, ಶೆಟ್ರು ಸೂರತ್‌ನಿಂದ ಬರುತ್ತಾರೆ, ಮೂರನೆಯವನು ವಡೋದರದಲ್ಲೇ ಇದ್ದಾನೆ. ವಡೋದರ ಇಬ್ಬರಿಗೂ ನಡುವೆ ಬೀಳುತ್ತದೆ. ಅವನ ಟೆನಮೆಂಟ್ ಮನೆಯ ಮುಂದೆ ಎರಡು ಗಾಡಿ ನಿಲ್ಲುವಷ್ಟು ಬೇವಿನ ನೆರಳಿದೆ. ಎಲ್ಲಕ್ಕಿಂತ ಮುಖ್ಯವಾಗಿ ಅವನ ಹತ್ತಿರ ಟಾರ್ಕ್ ರೆಂಚ್ ಇದೆ. ಹಾಗಾಗಿ ಜಾಗದ ಬಗ್ಗೆ ಇದುವರೆಗೆ ಚರ್ಚೆಯೇ ಆಗಿಲ್ಲ.

ಹೆಸರು ಹಾಕಬೇಡ ಎಂದು ಇಬ್ಬರೂ ಮೊದಲೇ ಹೇಳಿದ್ದಾರೆ. ವಡೋದರದವನು ಧಾರವಾಡದ ಕಡೆಯವನು, ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಎಂಜಿನಿಯರ್. ಗುಜರಾತಿಗೆ ಬಂದಾಗ ತಂದ ಬುಲೆಟ್ಟಿನ ಕೆಎ 25 ನಂಬರ್ ಪ್ಲೇಟನ್ನು, ಇಲ್ಲಿಯ ನೋಂದಣಿ ಆದಮೇಲೂ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾನೆ. ಶೆಟ್ರು ಕುಂದಾಪುರದ ಕಡೆಯವರು, ವಯಸ್ಸು ಐವತ್ತು ದಾಟಿದೆ. ಸೂರತ್‌ನ ಜವಳಿ ಮಾರುಕಟ್ಟೆಗಳಿಗೆ ಊಟ, ತಿಂಡಿ ಸರಬರಾಜು ಮಾಡುತ್ತಾರೆ. ಅವರ ಸಿಎನ್‌ಜಿ ವ್ಯಾನು ನಮ್ಮ ಬಳಗದ ನಾಲ್ಕನೇ ಸದಸ್ಯ. ಸದಾ ಏನಾದರೊಂದು ಕಾಯಿಲೆ ಇಟ್ಟುಕೊಂಡೇ ಬರುತ್ತದೆ.

ಕೆಲಸ ಗಾಡಿಗಳದ್ದಾದರೂ ಮಾತು ಯಾವಾಗಲೂ ಜಾಗದ್ದು. ಮೂವತ್ತೈದು ದಾಟಿದ ಕನ್ನಡಿಗರು ಇಬ್ಬರಿಗಿಂತ ಹೆಚ್ಚು ಜನ ಸೇರಿದರೆ, ಅದು ಬೆಂಗಳೂರಾಗಲಿ ಬರೋಡವಾಗಲಿ, ಮೂರನೇ ವಾಕ್ಯಕ್ಕೆ ಸೈಟು ಬರುತ್ತದೆ. ನಮ್ಮಲ್ಲಿ ಎಣ್ಣೆ ಮೆತ್ತಿದ ಕೈಯಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಈ ಸಲದ ಮಾತು ಮಾತ್ರ ಹರಟೆಯಾಗಿ ಮುಗಿಯಲಿಲ್ಲ. ನನ್ನ ಐವತ್ತೊಂದು ಸಾವಿರ ರೂಪಾಯಿ ಹೋಯಿತು, ಆದರೆ ಹಿರಿಯೂರಿನ ಒಂದೂವರೆ ಎಕರೆ ಉಳಿಯಿತು. ಅದನ್ನೇ ಹೇಳಬೇಕೆಂದಿದ್ದೇನೆ.

ಅವತ್ತು ನಾನು ಹೊರಟಿದ್ದು ಹೆದರಿಕೊಂಡೇ. ನನ್ನ ಹನ್ನೊಂದು ವರ್ಷದ ಕಾರಿಗೆ ಎರಡು ವಾರದಿಂದ ಜ್ವರ. ಊರೊಳಗಿನ ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ತೋರಿಸಿದ ವರ್ಕ್‌ಶಾಪಿನವರು ಬಾನೆಟ್ ಎತ್ತಿ, ತಲೆಯಲ್ಲಾಡಿಸಿ, ‘ರೇಡಿಯೇಟರ್ ಬದಲಿಸಬೇಕು, ವಾಟರ್ ಪಂಪ್ ಕೂಡ. ಹೆಡ್ ಗ್ಯಾಸ್ಕೆಟ್ ಬಿಚ್ಚಿದ ಮೇಲೆ ಗೊತ್ತಾಗುತ್ತೆ’ ಎಂದು ಹದಿನೆಂಟು ಸಾವಿರದ ಅಂದಾಜುಪಟ್ಟಿ ಕೊಟ್ಟಿದ್ದರು. ಅಹಮದಾಬಾದ್ ವಡೋದರ ಎಕ್ಸ್‌ಪ್ರೆಸ್‌ವೇ 93 ಕಿಲೋಮೀಟರ್. ಆಶ್ಚರ್ಯವೆಂದರೆ ದಾರಿಯುದ್ದಕ್ಕೂ ಮುಳ್ಳು ಅರ್ಧದಲ್ಲೇ ತಣ್ಣಗೆ ಕೂತಿತ್ತು. ವಡೋದರದ ಕಡೆಯ ಟೋಲ್ ಸಾಲಿನಲ್ಲಿ ನಿಂತು ನಾಲ್ಕು ನಿಮಿಷ ಆಗಿರಲಿಲ್ಲ, ಕೆಂಪಿನ ಹತ್ತಿರ ಬಂತು.

ಧಾರವಾಡದವನಿಗೆ ಇಷ್ಟು ಹೇಳಿದ್ದೇ ತಡ, ಅವನು ನಕ್ಕ. ‘ಲೇ ತಮ್ಮಾ, ಅರ್ಧಾ ರಿಪೇರಿ ನೀನ ಮಾಡಿಬಿಟ್ಟಿ. ಓಡೂಮುಂದ ತಣ್ಣಗ, ನಿಂತಾಗ ಬಿಸಿ. ಅಂದ್ರ ಏನೋ?’

ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರ್‌ಗೆ ಬಡಿಯುತ್ತದೆ. ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ರೇಡಿಯೇಟರ್ ಕಟ್ಟಿಕೊಂಡಿದ್ದರೆ, ಇಲ್ಲವೇ ಪಂಪ್ ಸತ್ತಿದ್ದರೆ, ನೂರರ ವೇಗದಲ್ಲಿ ಇನ್ನೂ ಜಾಸ್ತಿ ಕುದಿಯಬೇಕಿತ್ತು. ‘ಎಸಿ ಹಚ್ಚು’ ಎಂದ. ಹಚ್ಚಿದರೆ ಫ್ಯಾನ್ ತಿರುಗಬೇಕು, ತಿರುಗಲಿಲ್ಲ. ಫ್ಯೂಸ್ ತೆಗೆದು ನೋಡಿದ, ಸರಿಯಿತ್ತು. ಪಕ್ಕದಲ್ಲಿದ್ದ ಹಾರ್ನಿನ ರಿಲೇ ಕಿತ್ತ. ಎರಡರ ಮೇಲಿನ ನಂಬರ್ ಒಂದೇ ಎಂದು ಖಾತ್ರಿ ಮಾಡಿಕೊಂಡು ಅದನ್ನು ಫ್ಯಾನಿನ ಜಾಗಕ್ಕೆ ಒತ್ತಿದ. ಫ್ಯಾನ್ ಬುರ್ರೆಂದು ತಿರುಗಿತು. ಒಟ್ಟು ಇಪ್ಪತ್ತು ನಿಮಿಷ. ಬಿಸಿ ರೇಡಿಯೇಟರ್‌ನ ಮುಚ್ಚಳವನ್ನು ಯಾರೂ ಮುಟ್ಟಲಿಲ್ಲ. ಕುದಿಯುವ ನೀರು ಮುಖಕ್ಕೆ ಹಾರುವುದು ಅಲ್ಲಿಂದಲೇ. ಮನೆಯಲ್ಲೇ ನೋಡುವವರು ಇದೊಂದನ್ನು ಮರೆಯಬಾರದು.

‘ಈಗ ಹಾರ್ನ್ ಇಲ್ಲವಲ್ಲ ಮಾರಾಯಾ, ಗುಜರಾತ್‌ನಲ್ಲಿ ಹಾರ್ನ್ ಇಲ್ಲದೆ ಮನೆ ಸೇರುದು ಹೇಗೆ?’ ಎಂದರು ಶೆಟ್ರು. ಧಾರವಾಡದವನು ಒಳಗಿನಿಂದ ಬಿಸ್ಕೆಟ್ ಡಬ್ಬಿ ತಂದ. ಅದರ ತುಂಬ ಹಳೇ ರಿಲೇ, ಫ್ಯೂಸ್, ಕನೆಕ್ಟರ್. ಅಹಮದಾಬಾದ್‌ಗೆ ಬಂದಾಗಲೆಲ್ಲ ಅವನು ತಪ್ಪದೆ ಹೋಗುವ ಜಾಗವೆಂದರೆ ಸಾಬರಮತಿ ದಂಡೆಯ ರವಿವಾರಿ. ಅಹಮದ್ ಷಾನ ಕಾಲದಿಂದ ನಡೆದುಬಂದಿದೆ ಎನ್ನುವ ಭಾನುವಾರದ ಸಂತೆ ಅದು. ಹಳೇ ಸ್ಪ್ಯಾನರ್‌ನಿಂದ ಹೊಲಿಗೆ ಮೆಷಿನ್ನಿನವರೆಗೆ ಎಲ್ಲ ಸಿಗುತ್ತದೆ. ಅದಕ್ಕೆ ಇಲ್ಲಿಯವರ ಇನ್ನೊಂದು ಹೆಸರು ಗುಜರಿ ಬಜಾರ್. ನಮ್ಮ ಗುಜರಿಯೂ ಇವರ ಗುಜರಿಯೂ ಒಂದೇ ಎಂದು ತಿಳಿದ ದಿನ ನನಗೆ ಈ ಊರು ಸ್ವಲ್ಪ ಹತ್ತಿರವಾಗಿತ್ತು. ಆ ಡಬ್ಬಿಯ ಒಂದು ರಿಲೇ ಹಾಕಿದ ಮೇಲೆ ಹಾರ್ನೂ ಬಂತು. ಹದಿನೆಂಟು ಸಾವಿರದ ಕಾಯಿಲೆ ಗುಜರಿಯ ಒಂದು ತುಂಡಿನಲ್ಲಿ ವಾಸಿಯಾಯಿತು.

ನನಗೆ ಭಾರೀ ಖುಷಿ. ಆ ಖುಷಿಯಲ್ಲೇ, ಸೇವ್ ಉಸಳ್ ತಿನ್ನುತ್ತಾ, ಬ್ಯಾಗಿನಿಂದ ಬ್ರೋಷರ್ ತೆಗೆದು ಮುಂದಿಟ್ಟೆ.

ಧೋಲೇರಾ ಹೆಸರು ನಿಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬೆಂಗಳೂರು, ಪುಣೆ, ಮುಂಬೈ ಎಲ್ಲೇ ಇರಿ, ಐಟಿಯಲ್ಲಿದ್ದೀರಿ ಎಂದು ಗೊತ್ತಾದರೆ ಸಾಕು, ಫೋನ್ ಬರುತ್ತದೆ. ನನಗೆ ಬಂದದ್ದು ಕನ್ನಡದಲ್ಲೇ. ‘ಸರ್, ನೀವು ಅಹಮದಾಬಾದ್‌ನಲ್ಲೇ ಇದ್ದೀರಿ, ಇನ್ನೂ ತಗೊಂಡಿಲ್ವಾ?’ ಎಂದು ಆ ಹುಡುಗ ಕೇಳಿದ ರೀತಿಗೆ ನನಗೇ ನಾಚಿಕೆಯಾಗಿತ್ತು. ಅವನು ಹೇಳಿದ್ದರಲ್ಲಿ ಸುಳ್ಳು ಕಡಿಮೆ, ಅದೇ ತೊಂದರೆ. ಧೋಲೇರಾ ವಿಶೇಷ ಹೂಡಿಕೆ ವಲಯ ಇರುವುದು ನಿಜ. 2009ರ ಕಾಯ್ದೆಯಡಿ ಬಂದದ್ದು, 22 ಹಳ್ಳಿ, ಸುಮಾರು 920 ಚದರ ಕಿಲೋಮೀಟರ್. ಅಹಮದಾಬಾದ್‌ನಿಂದ ಅಲ್ಲಿಗೆ 109 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ ಯೋಜನೆಯೂ ನಿಜ, ವಿಮಾನ ನಿಲ್ದಾಣವೂ ನಿಜ. 2024ರ ಮಾರ್ಚ್‌ನಲ್ಲಿ ಟಾಟಾದವರ ಚಿಪ್ ಕಾರ್ಖಾನೆಗೆ ಶಂಕುಸ್ಥಾಪನೆ ಆಗಿದ್ದೂ ನಿಜ, 91 ಸಾವಿರ ಕೋಟಿಯ ಯೋಜನೆ. ಇದೆಲ್ಲ ನಿಜವಾದ್ದರಿಂದ, ಬ್ರೋಷರ್‌ನ ಕೊನೇ ಪುಟದ ನಮ್ಮ ಪ್ಲಾಟೂ ನಿಜ ಎಂದು ನಂಬಿದೆ. 200 ವಾರ್, ವಾರ್‌ಗೆ ಏಳು ಸಾವಿರ, ಒಟ್ಟು ಹದಿನಾಲ್ಕು ಲಕ್ಷ. ಟೋಕನ್ ಎಂದು ಐವತ್ತೊಂದು ಸಾವಿರ ಯುಪಿಐನಲ್ಲಿ ಕಳಿಸಿಯೂ ಆಗಿತ್ತು.

ಉಳಿದ ಹಣಕ್ಕೆ ದಾರಿ? ಹಿರಿಯೂರಿನ ಹತ್ತಿರ ಅಪ್ಪನದು ನಾಲ್ಕು ಎಕರೆ. ಅಜ್ಜನ ಕಾಲದ್ದು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಮೇಲೆ ನಮ್ಮ ಕಡೆ ಹೊಲ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಅದರಲ್ಲಿ ಒಂದೂವರೆ ಎಕರೆ ಕೊಟ್ಟರೆ ಇಲ್ಲಿ ಪ್ಲಾಟು ಬರುತ್ತದೆ, ಹತ್ತು ವರ್ಷದಲ್ಲಿ ಮಗಳ ಓದಿಗೆ ಆಗುತ್ತದೆ. ಎಕ್ಸೆಲ್‌ನಲ್ಲಿ ಇಟ್ಟು ನೋಡಿದಾಗ ತುಂಬ ಚೆನ್ನಾಗಿ ಕಾಣುತ್ತಿತ್ತು.

ಧಾರವಾಡದವನು ಬ್ರೋಷರನ್ನು ಹಿಂದುಮುಂದು ತಿರುಗಿಸಿದ. ‘ವಿಮಾನ ಬಿಡು, ಚಿಪ್ ಬಿಡು. ಸರ್ವೆ ನಂಬರ್ ಎಲ್ಲೈತಿ?’

ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅವನು ಮೊಬೈಲ್ ತೆಗೆದು ಗುಜರಾತ್ ಸರ್ಕಾರದ ಎನಿರೋರ್ ತೆರೆದ. ನಮ್ಮ ‘ಭೂಮಿ’ ತಂತ್ರಾಂಶದ ಹಾಗೆಯೇ ಇದು, ಜಿಲ್ಲೆ, ತಾಲೂಕು, ಹಳ್ಳಿ, ಸರ್ವೆ ನಂಬರ್ ಕೊಟ್ಟರೆ ಪಹಣಿ ಕಾಣುತ್ತದೆ. ಪಹಣಿಗೆ ಇಲ್ಲಿ ಸಾತ್ ಬಾರ್‌ನ ಉತಾರೊ ಎನ್ನುತ್ತಾರೆ. ಏಳನೇ ನಮೂನೆಯಲ್ಲಿ ಹಕ್ಕುದಾರರು, ಹನ್ನೆರಡನೆಯದರಲ್ಲಿ ಬೆಳೆ. ಒಬ್ಬ ರೈತನ ಒಟ್ಟು ಹಿಡುವಳಿ ನೋಡಲು 8ಎ, ಹೆಸರು ಹೇಗೆ ಬದಲಾಯಿತು ಎಂದು ತಿಳಿಯಲು ಆರನೇ ನಮೂನೆ. ನಮ್ಮ ಮ್ಯುಟೇಷನ್ ರಿಜಿಸ್ಟರ್ ಇದ್ದಂತೆ. ನಾನು ದಿನವಿಡೀ ಬೇರೆಯವರ ಡೇಟಾಬೇಸ್ ತೆರೆದು ನೋಡುವವನು, ಇದನ್ನು ತೆರೆದಿರಲಿಲ್ಲ.

ತೆರೆ ಮೇಲೆ ಬಂದದ್ದು ಹೀಗಿತ್ತು. ಒಂದೇ ಸರ್ವೆ ನಂಬರಿಗೆ ಒಂಬತ್ತು ಹೆಸರು. ಪ್ಲಾಟ್ ಮಾರುವವರ ಹೆಸರು ಅದರಲ್ಲಿಲ್ಲ. ಜಮೀನಿನ ಉಪಯೋಗ: ಕೃಷಿ. ಮುಂದಿನ ಕಾಲಮ್ಮಿನಲ್ಲಿ ಎರಡು ಪದ: ನವೀ ಶರತ್.

‘ಇದೇನು?’ ಎಂದೆ.

ಗುಜರಾತಿನಲ್ಲಿ ಜಮೀನು ಎರಡು ಥರ. ಜೂನೀ ಶರತ್, ಅಂದರೆ ಹಳೇ ಷರತ್ತಿನದು, ಮಾರಲು ತೊಡಕಿಲ್ಲ. ನವೀ ಶರತ್‌ನದು ಸರ್ಕಾರದಿಂದಲೋ ಗೇಣಿ ಕಾಯ್ದೆಯಿಂದಲೋ ಷರತ್ತಿನ ಮೇಲೆ ಸಿಕ್ಕಿದ್ದು. ಅದನ್ನು ಮಾರಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು, ಪ್ರೀಮಿಯಂ ಕಟ್ಟಬೇಕು. ಇನ್ನೂ ದೊಡ್ಡ ಮಾತು ಬೇರೆಯೇ ಇದೆ. ಇಲ್ಲಿ ಕೃಷಿ ಜಮೀನನ್ನು ರೈತನಲ್ಲದವನು ಕೊಳ್ಳುವ ಹಾಗಿಲ್ಲ. 1948ರ ಮುಂಬಯಿ ಗೇಣಿ ಕಾಯ್ದೆಯ 63ನೇ ಕಲಂ ಇಲ್ಲಿ ಇವತ್ತಿಗೂ ಜೀವಂತ. ಹಾಗೆ ಕೊಂಡರೆ ವ್ಯವಹಾರವನ್ನೇ ಅಸಿಂಧು ಎಂದು ಘೋಷಿಸಿ ಜಮೀನನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳಲು ಅವಕಾಶವಿದೆ. ನಮ್ಮ ಕರ್ನಾಟಕದಲ್ಲಿ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ್ದರಿಂದ ಅಲ್ಲಿ ಯಾರು ಬೇಕಾದರೂ ಹೊಲ ಕೊಳ್ಳಬಹುದು. ನಾನು ಅದೇ ಗುಂಗಿನಲ್ಲಿ ಇಲ್ಲೂ ಹಾಗೇ ಎಂದುಕೊಂಡಿದ್ದೆ.

‘ನಮ್ಮಪ್ಪ ರೈತ. ನನ್ನ ಹೆಸರೂ ಪಹಣಿಗೆ ಬರುತ್ತಲ್ಲ?’ ಎಂದೆ. ‘ಹಿರಿಯೂರಿನ ರೈತನ್ನ ಇಲ್ಲಿ ರೈತ ಅಂತಾರೋ ಇಲ್ಲೋ ಅನ್ನೂದ ದೊಡ್ಡ ಜಗಳ. ಕಛ್‌ನಾಗಿನ ಪಂಜಾಬಿ ರೈತರನ್ನ ಕೇಳು’ ಎಂದ. ದಶಕಗಳಿಂದ ಅಲ್ಲಿ ಉತ್ತಿಬಿತ್ತುತ್ತಿದ್ದ ಸಿಖ್ ರೈತರ ಖಾತೆಗಳನ್ನು, ನೀವು ಹೊರರಾಜ್ಯದವರು ಎಂಬ ಕಾರಣಕ್ಕೆ 2010ರಲ್ಲಿ ತಡೆಹಿಡಿಯಲಾಗಿತ್ತು. ಹೈಕೋರ್ಟ್ 2012ರಲ್ಲಿ ರೈತರ ಪರ ತೀರ್ಪು ಕೊಟ್ಟಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಉಳುವವರಿಗೇ ಇಷ್ಟು ಕಷ್ಟವಾದರೆ, ಯುಪಿಐನಲ್ಲಿ ಟೋಕನ್ ಕಳಿಸಿದವನ ಗತಿ ಏನು?

ಅಲ್ಲೇ ಮಧ್ಯವರ್ತಿಗೆ ಫೋನ್ ಹಚ್ಚಿದೆ. ನೋಂದಣಿ ಯಾವಾಗ ಎಂದರೆ, ‘ಸರ್, ಈಗ ಬಾನಾಖತ್ ಮಾಡ್ಕೊಳ್ಳೋಣ, ಎನ್‌ಎ ಆದ್ಮೇಲೆ ದಸ್ತಾವೇಜ್’ ಎಂದ. ಬಾನಾಖತ್ ಎಂದರೆ ಕ್ರಯದ ಕರಾರು, ದಸ್ತಾವೇಜ್ ಎಂದರೆ ಕ್ರಯಪತ್ರ. ಎನ್‌ಎಗೆ, ಅಂದರೆ ಇವರ ಬಿನ್‌ಖೇತಿಗೆ, ಅರ್ಜಿ ಹಾಕಿದ್ದೀರಾ ಎಂದರೆ ‘ಪ್ರೊಸೆಸ್‌ನಲ್ಲಿದೆ’. ರೇರಾ ನಂಬರ್ ಎಂದರೆ ‘ಪ್ರೊಸೆಸ್‌ನಲ್ಲಿದೆ’. 500 ಚದರ ಮೀಟರ್ ದಾಟಿದ ಲೇಔಟು ರೇರಾ ನೋಂದಣಿ ಇಲ್ಲದೆ ಜಾಹೀರಾತನ್ನೂ ಹಾಕುವಂತಿಲ್ಲ. 200 ವಾರ್‌ನಲ್ಲಿ ನನಗೆ ನಿಜವಾಗಿ ಎಷ್ಟು ನೆಲ ಸಿಗುತ್ತದೆ ಎಂದು ಧಾರವಾಡದವನು ಪಿಸುಗುಟ್ಟಿದ್ದನ್ನು ಕೇಳಿದೆ. ಉತ್ತರ: 120. ಉಳಿದದ್ದು ರಸ್ತೆ, ಕ್ಲಬ್‌ಹೌಸ್, ಗಾರ್ಡನ್ನಿನ ಪಾಲು. ಅದಕ್ಕೆ ‘ಸೂಪರ್ ಪ್ಲಾಟ್ ಏರಿಯಾ’ ಎನ್ನುತ್ತಾರಂತೆ. ಫ್ಲ್ಯಾಟಿಗೆ ಸೂಪರ್ ಬಿಲ್ಟಪ್ ಕೇಳಿದ್ದೆ, ಮಣ್ಣಿಗೂ ಸೂಪರ್ ಇದೆ ಎಂದು ಗೊತ್ತಿರಲಿಲ್ಲ. ಲೆಕ್ಕ ಹಾಕಿದರೆ ವಾರ್‌ಗೆ ಬಿದ್ದದ್ದು ಏಳು ಸಾವಿರವಲ್ಲ, ಹನ್ನೊಂದು ಸಾವಿರದ ಆರುನೂರು ಚಿಲ್ಲರೆ.

ಅಳತೆಯ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ವಾರ್ ಎಂದರೆ ಚದರ ಗಜ, ಒಂಬತ್ತು ಚದರ ಅಡಿ. ನಮ್ಮ ಮೂವತ್ತು ನಲವತ್ತರ ಸೈಟು ಇಲ್ಲಿ 133 ವಾರ್. ಗುಂಟೆ ನಮ್ಮದೇ ಗುಂಟೆ, ನಲವತ್ತಕ್ಕೆ ಒಂದು ಎಕರೆ. ಮೋಸ ಹೋಗುವುದು ‘ವೀಘಾ’ದಲ್ಲಿ. ಸೌರಾಷ್ಟ್ರದಲ್ಲಿ 16 ಗುಂಟೆಗೆ ಒಂದು ವೀಘಾ, ಈಚೆ ಕಡೆ 23.5 ಗುಂಟೆಗೆ. ವೀಘಾ ಎಂದು ಯಾರಾದರೂ ದರ ಹೇಳಿದರೆ, ಯಾವ ಊರಿನ ವೀಘಾ ಎಂದು ಕೇಳಿ.

ಇಷ್ಟು ಹೊತ್ತೂ ಶೆಟ್ರು ಮಾತಾಡಿರಲಿಲ್ಲ. ವ್ಯಾನಿನ ಪಕ್ಕ ಮಣೆ ಹಾಕಿಕೊಂಡು ಕೂತು, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಬಟ್ಟೆಯಿಂದ ಒರೆಸುತ್ತಿದ್ದರು. ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಕೆಮ್ಮುತ್ತದೆ ಎಂಬುದು ವ್ಯಾನಿನ ಈ ತಿಂಗಳ ದೂರು. ಸಿಎನ್‌ಜಿ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಡುತ್ತದೆ. ಹಾಗಾಗಿ ಪ್ಲಗ್ಗಿನ ಗ್ಯಾಪ್ ಸ್ವಲ್ಪ ಕಿರಿದಾಗಿರಬೇಕು. ಅವರದು ಸವೆದು ಅಗಲವಾಗಿತ್ತು. ಫೀಲರ್ ಗೇಜ್ ಹಿಡಿದುಕೊಂಡೇ, ತಲೆ ಎತ್ತದೆ ಹೇಳಿದರು:

‘ನನ್ನದೂ ಒಂದು ಉಂಟು ಅಲ್ಲಿ.’

ನಾವಿಬ್ಬರೂ ಸುಮ್ಮನಾದೆವು. ಎಂಟು ವರ್ಷದ ಸ್ನೇಹದಲ್ಲಿ ಇದು ಹೊಸ ಸುದ್ದಿ.

‘2012ರಲ್ಲಿ. ನಾಲ್ಕು ಲಕ್ಷ. ಅವಾಗ ಚಿಪ್ಪು ಇರಲಿಲ್ಲ, ವಿಮಾನ ಮಾತ್ರ ಇತ್ತು. ಸೂರತ್‌ನ ಹೋಟೆಲ್ಲಿನಲ್ಲಿ ಊಟ ಹಾಕಿ, ಬಸ್ಸಲ್ಲಿ ಕರ್ಕೊಂಡು ಹೋಗಿ ತೋರಿಸಿದ್ರು. ಬಾವುಟ ಹಾಕಿತ್ತು, ಕಲ್ಲು ನೆಟ್ಟಿತ್ತು. ಮೂರು ವರ್ಷ ಬಿಟ್ಟು ಒಬ್ಬನೇ ಹೋದೆ. ಕಲ್ಲೂ ಇಲ್ಲ, ಬಾವುಟವೂ ಇಲ್ಲ. ಯಾವ ಕಡೆ ನಿಂತು ಯಾವುದನ್ನು ನನ್ನದು ಅಂತ ಹೇಳುದು? ಒಂದು ನೋಟರಿ ಪೇಪರ್ ಉಂಟು, ಕಪಾಟಿನಲ್ಲಿ. ಹೆಂಡತಿಗೆ ಹೇಳ್ಲಿಲ್ಲ. ಮಗಳ ಮದುವೆಗೆ ಅಂತ ಇಟ್ಟದ್ದು. ಆ ಮದುವೆಗೆ ಮತ್ತೆ ಸಾಲ ಮಾಡಿದೆ ನಾನು.’

ಪ್ಲಗ್ ಎತ್ತಿ ಬೆಳಕಿಗೆ ಹಿಡಿದರು. ‘ನೀವು ಬ್ರೋಷರ್ ತೆಗೆದಾಗಲೇ ಹೇಳಬೇಕಿತ್ತು. ನಾಚಿಕೆ ಆಯ್ತು ಮಾರಾಯಾ. ಇಷ್ಟು ವರ್ಷ ವ್ಯಾಪಾರ ಮಾಡಿದವನು ನಾನು, ಹೀಗೆ ಸಿಕ್ಕಿಬಿದ್ದೆ ಅಂತ ಹೇಳುದು ಹೇಗೆ?’

ಇಂಥ ವ್ಯವಹಾರಗಳು ಮುಂದುವರಿಯುವುದು ಈ ನಾಚಿಕೆಯ ಬಲದ ಮೇಲೇ ಅನ್ನಿಸಿತು. ಪ್ಲಾಟಿನಲ್ಲಿ ಲಾಭ ಮಾಡಿದವನು ಹತ್ತು ಮದುವೆಯಲ್ಲಿ ಹೇಳುತ್ತಾನೆ. ಕಳೆದುಕೊಂಡವನು ಕಪಾಟಿಗೆ ಬೀಗ ಹಾಕುತ್ತಾನೆ. ಕೇಳುವವನ ಕಿವಿಗೆ ಲಾಭದ ಕಥೆ ಮಾತ್ರ ತಲುಪುತ್ತದೆ.

ಮುಂದಿನ ಶನಿವಾರ ಮೂವರೂ ನನ್ನ ಕಾರಿನಲ್ಲೇ ಧೋಲೇರಾಕ್ಕೆ ಹೋದೆವು. ಸರ್ಖೇಜ್ ದಾಟಿ, ಪಿಪಳಿಯ ಮೇಲೆ. ಫ್ಯಾನ್ ಚೆನ್ನಾಗಿ ತಿರುಗುತ್ತಿತ್ತು. ಸರ್ಕಾರ ಮೊದಲ ಹಂತದಲ್ಲಿ ಅಭಿವೃದ್ಧಿ ಮಾಡಿದ ಪ್ರದೇಶ ನೋಡಿದರೆ ಮನಸ್ಸು ಅರಳುತ್ತದೆ. ಅಗಲ ರಸ್ತೆ, ನೆಲದಡಿಯಲ್ಲೇ ಎಲ್ಲ ಪೈಪು, ಕೇಬಲ್ಲು. ಆದರೆ ಅದು ಸುಮಾರು 22.5 ಚದರ ಕಿಲೋಮೀಟರ್. ವಲಯ 920. ‘ಧೋಲೇರಾದಲ್ಲಿ ಪ್ಲಾಟು’ ಎಂದರೆ ಇವೆರಡರ ನಡುವೆ ಎಲ್ಲಾದರೂ ಆಗಬಹುದು, ವಲಯದ ಆಚೆಗೂ ಆಗಬಹುದು. ನನಗೆ ತೋರಿಸಬೇಕಿದ್ದ ಸರ್ವೆ ನಂಬರ್ ಮುಖ್ಯರಸ್ತೆಯಿಂದ ಒಳಗೆ ಏಳು ಕಿಲೋಮೀಟರ್ ಮಣ್ಣು ದಾರಿ. ಬಾವುಟಗಳಿದ್ದವು. ಅವುಗಳ ಕೆಳಗೆ ಬಿರುಕು ಬಿಟ್ಟ ಬೂದು ಮಣ್ಣು, ಮೇಲೆ ತೆಳ್ಳಗೆ ಬಿಳಿ ಪದರ. ಖಂಭಾತ್ ಕೊಲ್ಲಿಯ ಅಂಚು ಇದು. 1930ರಲ್ಲಿ ದಾಂಡಿಯ ನಂತರ ಉಪ್ಪಿನ ಸತ್ಯಾಗ್ರಹ ನಡೆದ ಊರುಗಳಲ್ಲಿ ಧೋಲೇರಾವೂ ಒಂದು. ಉಪ್ಪು ಇಲ್ಲಿ ನೆಲದಲ್ಲೇ ಇದೆ.

ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ನಮ್ಮನ್ನು ನೋಡಿ ಬಂದರು. ಪ್ಲಾಟು ನೋಡಲು ಬಂದವರೇ ಎಂದು ಕೇಳಿ ನಕ್ಕರು. ‘ವರ್ಸಾದ್ ಆವೇ ತ್ಯಾರೆ ಆವ್‌ಜೋ’ ಎಂದರು. ಮಳೆ ಬಂದಾಗ ಬನ್ನಿ. ಆಗ ಇಲ್ಲಿ ಮೊಣಕಾಲು ನೀರು ನಿಲ್ಲುತ್ತದಂತೆ. ಬಸ್ಸುಗಳು ಬರುವುದು ಬೇಸಿಗೆಯಲ್ಲಿ ಮಾತ್ರವಂತೆ.

ಶೆಟ್ರು ಸ್ವಲ್ಪ ದೂರ ನಡೆದು ಹೋಗಿ ಸುತ್ತ ನೋಡಿದರು. ತಮ್ಮ ಕಲ್ಲು ಹುಡುಕುತ್ತಿದ್ದರೇನೋ. ನಾವು ಕೇಳಲಿಲ್ಲ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಹೊಲ ಮಾರುವ ಮಾತು ತೆಗೆದು ತಿಂಗಳಾಗಿತ್ತು. ಬೇಡ ಎಂದು ಅವರು ಒಮ್ಮೆಯೂ ಅಂದಿರಲಿಲ್ಲ. ಡೀಸೆಲ್ ಪಂಪ್‌ಸೆಟ್ಟನ್ನು ತಾವೇ ಬಿಚ್ಚಿ ಕೂಡಿಸುತ್ತಿದ್ದ ಮನುಷ್ಯ ಅವರು. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಲ್ಲುತ್ತಿದ್ದವನು ನಾನು. ನಾನು ಕಲಿತ ಮೊದಲ ರಿಪೇರಿ ಅದೇ.

‘ಎಲ್ಲಿದೀಯಪ್ಪ?’ ಎಂದರು. ಹೇಳಿದೆ. ‘ಮಣ್ಣು ಹೆಂಗೈತೆ?’

‘ಉಪ್ಪು ಮಣ್ಣು. ಈಗ ನೋಡ್ತಿದೀನಿ.’

ಒಂದು ಕ್ಷಣ ಸುಮ್ಮನಿದ್ದರು. ‘ಈಗ ನೋಡ್ತಿದೀಯ? ದುಡ್ಡು ಹೋದ್ ತಿಂಗಳೇ ಕೊಟ್ಟೆ ಅಂದಲ್ಲ?’

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹದಿನೆಂಟು ಸಾವಿರದ ರೇಡಿಯೇಟರ್ ಎಂದಾಗ ಅನುಮಾನಪಟ್ಟು 93 ಕಿಲೋಮೀಟರ್ ಹೋಗಿ ಬಾನೆಟ್ ಎತ್ತಿಸಿದವನು ನಾನು. ಹದಿನಾಲ್ಕು ಲಕ್ಷದ ನೆಲವನ್ನು ಬ್ರೋಷರ್‌ನಲ್ಲಿ ನೋಡಿ ಹಣ ಕಳಿಸಿದ್ದೆ.

ರಾತ್ರಿ ಅಕ್ಕನ ಫೋನ್ ಬಂತು. ಅಜ್ಜನ ಆಸ್ತಿಯಲ್ಲಿ ಅವಳಿಗೂ ಸಮಪಾಲು. 2005ರ ತಿದ್ದುಪಡಿ ಅದನ್ನೇ ಹೇಳಿದ್ದು, 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಗಟ್ಟಿಮಾಡಿದ್ದೂ ಅದನ್ನೇ. ಅವಳು ಹಿಂದೊಮ್ಮೆ ‘ನನಗೇನೂ ಬೇಡ ಕಣೋ’ ಎಂದಿದ್ದಳು. ಆ ಮಾತನ್ನೇ ಅವಳ ಸಹಿ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವತ್ತು ಅಂದಳು: ‘ನಾನು ಬೇಡ ಅಂದಿದ್ದು ಹೊಲ ಉಳೀಲಿ ಅಂತ ಕಣೋ. ನೀನು ಮಾರ್ಲಿ ಅಂತಲ್ಲ.’ ನನ್ನ ಎಕ್ಸೆಲ್‌ನಲ್ಲಿ ಈ ಸಾಲಿಗೆ ಕಾಲಮ್ಮೇ ಇರಲಿಲ್ಲ.

ಹೊಲ ಮಾರುವ ವಿಚಾರ ಅಲ್ಲಿಗೆ ಬಿಟ್ಟೆ. ಟೋಕನ್ ವಾಪಸ್ ಕೇಳಿದ್ದೇನೆ. ಅದೂ ‘ಪ್ರೊಸೆಸ್‌ನಲ್ಲಿದೆ’.

ಇಷ್ಟು ಓದಿ ಗುಜರಾತಿನಲ್ಲಿ ಜಾಗವೇ ಬೇಡ ಎಂದು ತೀರ್ಮಾನಿಸಬೇಡಿ. ಧಾರವಾಡದವನೇ ಐದು ವರ್ಷದ ಹಿಂದೆ ವಡೋದರದ ಅಂಚಿನಲ್ಲಿ ಪ್ಲಾಟ್ ಕೊಂಡಿದ್ದಾನೆ, ನೆಮ್ಮದಿಯಾಗಿದ್ದಾನೆ. ಇಲ್ಲಿಯ ಟಿಪಿ ಸ್ಕೀಮ್ ಪದ್ಧತಿ ನಾವು ಬೆಂಗಳೂರಿನವರು ಕಲಿಯಬೇಕಾದದ್ದು. 1976ರ ನಗರ ಯೋಜನಾ ಕಾಯ್ದೆಯಡಿ ಒಂದು ಪ್ರದೇಶದ ಎಲ್ಲ ಹೊಲಗಳನ್ನು ಒಟ್ಟುಗೂಡಿಸಿ, ರಸ್ತೆ, ಪಾರ್ಕು, ಶಾಲೆಗೆಂದು ಒಂದು ಭಾಗ ತೆಗೆದು, ಉಳಿದದ್ದನ್ನು ಚೊಕ್ಕ ಆಕಾರದ ‘ಫೈನಲ್ ಪ್ಲಾಟ್’ ಮಾಡಿ ಮಾಲೀಕರಿಗೇ ಹಿಂತಿರುಗಿಸುತ್ತಾರೆ. ಕಡಿತ ಸಾಮಾನ್ಯವಾಗಿ ಶೇ. 40ರವರೆಗೆ. ಅಹಮದಾಬಾದ್‌ನ 76 ಕಿಲೋಮೀಟರ್ ಸರ್ದಾರ್ ಪಟೇಲ್ ರಿಂಗ್ ರಸ್ತೆಗೆ ಜಾಗ ಹೊಂದಿಸಿದ್ದೂ ಹೆಚ್ಚಾಗಿ ಇದೇ ದಾರಿಯಲ್ಲಿ. ಅದೇ ಕಡಿತ ಧೋಲೇರಾದಲ್ಲಿ ಸುಮಾರು ಅರ್ಧ, ಅದನ್ನು ವಿರೋಧಿಸಿ ಅಲ್ಲಿಯ ರೈತರು ಹೈಕೋರ್ಟಿಗೂ ಹೋಗಿದ್ದರು. ಕೊಳ್ಳುವವರು ತಿಳಿಯಬೇಕಾದದ್ದು ಒಂದೇ: ನಿಮಗೆ ತೋರಿಸುತ್ತಿರುವುದು ಮೂಲ ಸರ್ವೆ ನಂಬರೋ, ಫೈನಲ್ ಪ್ಲಾಟೋ? ಮೂಲ ಸರ್ವೆಯಾದರೆ ನಾಳೆ ನಿಮಗೆ ಸಿಗುವ ತುಂಡು ಚಿಕ್ಕದಾಗಬಹುದು, ಬೇರೆ ಜಾಗದಲ್ಲೂ ಇರಬಹುದು.

ಧಾರವಾಡದವನ ಕ್ರಮ ರಿಪೇರಿಯಲ್ಲಿ ಹೇಗೋ ಜಾಗದಲ್ಲೂ ಹಾಗೇ. ಖರ್ಚಿಲ್ಲದ ಪರೀಕ್ಷೆ ಮೊದಲು. ಮೊಬೈಲಿನಲ್ಲಿ ಸಾತ್ ಬಾರ್: ಹೆಸರು ಯಾರದು, ಶರತ್ ಹಳೆಯದೋ ಹೊಸದೋ, ‘ಬೋಜೊ’ ಅಂದರೆ ಸಾಲದ ಹೊರೆ ಇದೆಯೇ. ಆಮೇಲೆ ಎನ್‌ಎ ಆದೇಶದ ಪ್ರತಿ, ರೇರಾ ನಂಬರ್. ಆಮೇಲೆ ಜಾಗಕ್ಕೆ ಹೋಗುವುದು, ಆದರೆ ಮಳೆಗಾಲದಲ್ಲಿ, ಮಾರುವವರ ಬಸ್ಸಿನಲ್ಲಲ್ಲ. ಇವೆಲ್ಲ ದಾಟಿದರೆ ಮಾತ್ರ ವಕೀಲರ ಫೀಸು, ಕೊನೆಯದಾಗಿ ಟೋಕನ್. ನಾನು ಮಾಡಿದ್ದು ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ. ಖರ್ಚಿನ ಲೆಕ್ಕದಲ್ಲಿ 4.9 ಶೇಕಡಾ ಸ್ಟ್ಯಾಂಪ್ ಡ್ಯೂಟಿ, ಒಂದು ಶೇಕಡಾ ನೋಂದಣಿ ಶುಲ್ಕ ಸೇರಿಸಿ. ಹೆಣ್ಣುಮಕ್ಕಳ ಹೆಸರಿಗಾದರೆ ನೋಂದಣಿ ಶುಲ್ಕವಿಲ್ಲ. ನಮ್ಮ ಮಾರ್ಗಸೂಚಿ ದರಕ್ಕೆ ಇಲ್ಲಿ ಜಂತ್ರಿ ಎನ್ನುತ್ತಾರೆ. 2023ರ ಏಪ್ರಿಲ್‌ನಲ್ಲಿ ಅದು ಎರಡುಪಟ್ಟಾಗಿದೆ.

ಕಳೆದ ವಾರ ಶೆಟ್ರು ಫೋನ್ ಮಾಡಿದ್ದರು. ವ್ಯಾನಿನ ಕೆಮ್ಮು ನಿಂತಿದೆಯಂತೆ. ಸಿಲಿಂಡರಿನ ಮೂರು ವರ್ಷದ ಹೈಡ್ರೋ ಟೆಸ್ಟಿಗೆ ದಿನ ಬಂದಿದೆ, ಮಾಡಿಸದಿದ್ದರೆ ಪಂಪಿನಲ್ಲಿ ಗ್ಯಾಸ್ ಹಾಕುವುದಿಲ್ಲ ಎಂದು ನೆನಪಿಸಿದೆ. ನಿಮ್ಮ ವಿಷಯ ಈ ಅಂಕಣದಲ್ಲಿ ಬರೆಯಬಹುದೇ ಎಂದು ಅಳುಕಿನಿಂದಲೇ ಕೇಳಿದೆ.

‘ಬರೀರಿ ಮಾರಾಯ್ರೆ. ಹೆಸರು ಬೇಡ, ಅಷ್ಟೆ. ನಿನ್ನೆ ಇವಳಿಗೆ ಹೇಳಿದೆ.’

‘ಏನಂದ್ರು ಅಕ್ಕ?’

‘ಅವಳಿಗೆ ಐದು ವರ್ಷದ ಹಿಂದೆಯೇ ಗೊತ್ತಂತೆ. ಕಪಾಟು ಒರೆಸುವಾಗ ಪೇಪರ್ ಸಿಕ್ಕಿತ್ತಂತೆ. ನೀವಾಗಿ ಹೇಳ್ಲಿ ಅಂತ ಕಾಯ್ತಿದ್ದೆ ಅಂದ್ಳು.’

ಎರಡನೇ ಭಾನುವಾರ ಮತ್ತೆ ಬರುತ್ತಿದೆ. ಈ ಸಲ ಬುಲೆಟ್ಟಿನ ಸರದಿ, ಕ್ಲಚ್ ಪ್ಲೇಟ್. ಶೆಟ್ರು ಸೂರತ್‌ನಿಂದ ಲೋಚೋ ತರುತ್ತಾರೆ, ಆ ನೋಟರಿ ಪೇಪರನ್ನೂ ತರುತ್ತಾರಂತೆ. ಅದರಲ್ಲಿ ಸರ್ವೆ ನಂಬರ್ ಇದೆಯಂತೆ.